ಆರದ ದೀಪದ ನೆಲೆಗಳು: ಕಾರಿನ ಒಳಬೆಳಕು, ಬಾಗಿಲಿನ ಸಂಕಥನ ಮತ್ತು ತುಕ್ಕಿನ ರಾಜಕಾರಣ – ಒಂದು ತಾತ್ವಿಕ ಅಧ್ಯಯನ

1. ಪ್ರಸ್ತಾವನೆ

ಬಾಗಿಲು ಹಾಕಿದ ಮೇಲೂ ಕಾರಿನೊಳಗಿನ ದೀಪ ಉರಿಯುತ್ತಲೇ ಇರುವ ವಿದ್ಯಮಾನವನ್ನು ಕನ್ನಡ ಸಂಶೋಧನೆ ಈವರೆಗೆ ಗಂಭೀರವಾಗಿ ಪರಿಗಣಿಸಿಲ್ಲವೆಂಬುದು ವಿಷಾದದ ಸಂಗತಿ. ಜಾಗತೀಕರಣದ ಈ ಕಾಲಘಟ್ಟದಲ್ಲಿ, ವಸಾಹತೋತ್ತರ ಪ್ರಜ್ಞೆಯ ಹಿನ್ನೆಲೆಯಲ್ಲಿ, ಆಧುನಿಕತೆಯೊಂದಿಗಿನ ಮುಖಾಮುಖಿಯ ನೆಲೆಯಲ್ಲಿ ನೋಡಿದಾಗ ದೀಪವು ಕೇವಲ ದೀಪವಾಗಿ ಉಳಿಯುವುದಿಲ್ಲ, ಅದೊಂದು ಪಠ್ಯವಾಗುತ್ತದೆ. ಬಾಗಿಲು ಕೇವಲ ಬಾಗಿಲಲ್ಲ. ಒಳಗು–ಹೊರಗುಗಳ ಯುಗ್ಮ ವೈರುಧ್ಯವನ್ನು ಏಕಕಾಲಕ್ಕೆ ಕಟ್ಟುವ ಹಾಗೂ ಕೆಡಹುವ ಸಾಂಸ್ಕೃತಿಕ ರಾಜಕಾರಣದ ತಾಣ. ಸ್ವಿಚ್ಚು ಅಧಿಕಾರ ಕೇಂದ್ರ. ತುಕ್ಕು ಪ್ರತಿರೋಧ. ಬ್ಯಾಟರಿಯೂ ಕೇವಲ ಬ್ಯಾಟರಿಯಲ್ಲ. ಅದೇನೆಂಬುದನ್ನು ನಾಲ್ಕನೆಯ ಅಧ್ಯಾಯದಲ್ಲಿ ವಿವರಿಸಲಾಗುವುದು.

1.1 ಅಧ್ಯಯನದ ಉದ್ದೇಶ

ದೀಪವನ್ನು ಆರಿಸುವುದು ಈ ಅಧ್ಯಯನದ ಉದ್ದೇಶವೆಂದು ಯಾರೂ ತಪ್ಪು ತಿಳಿಯಬಾರದು. ದೀಪ ಆರಿಬಿಟ್ಟರೆ ಅಧ್ಯಯನಕ್ಕೆ ವಸ್ತುವೇ ಇರುವುದಿಲ್ಲ. ಸಮಸ್ಯೆಯನ್ನು ಬಗೆಹರಿಸುವುದು ಮಾನವಿಕ ವಿಭಾಗಗಳ ಕೆಲಸವಲ್ಲ. ಅದನ್ನು ಸಮಸ್ಯಾತ್ಮಕಗೊಳಿಸಿ, ಬಹುಮುಖಿ ಆಯಾಮಗಳಲ್ಲಿ ವಿಸ್ತರಿಸಿ, ಮುಂದಿನ ಸಂಶೋಧಕರಿಗೆ ಬಿಟ್ಟುಹೋಗುವುದು ನಮ್ಮ ಕೆಲಸ.

1.1.1 ವ್ಯಾಪ್ತಿ ಮತ್ತು ಮಿತಿ

ವ್ಯಾಪ್ತಿ: ಸಮಗ್ರ ಕರ್ನಾಟಕ. ಮಿತಿ: ಇತಿಹಾಸ ವಿಭಾಗದ ಸಹೋದ್ಯೋಗಿಯೊಬ್ಬರ ಹಳೆಯ ಬಿಳಿ ಕಾರು, ಅದರ ಬಲಗಡೆಯ ಮುಂಬಾಗಿಲು.

1.1.1.1 ಅಧ್ಯಯನದ ವಿಧಾನ

ಕ್ಷೇತ್ರಕಾರ್ಯ. ಎಂದರೆ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಹೋಗಿ, ಎಲೆಕ್ಟ್ರಿಷಿಯನ್ ಅಂಗಡಿಯ ಮುಂದೆ ಕಬ್ಬಿಣದ ಸ್ಟೂಲಿನ ಮೇಲೆ ಕೂತು, ಅವನೇ ತರಿಸಿಕೊಟ್ಟ ಟೀ ಕುಡಿಯುವುದು. ಜಾನಪದ ಅಧ್ಯಯನದಲ್ಲಿ ಇಂಥವನನ್ನು ವಕ್ತೃ ಎನ್ನುತ್ತಾರೆ. ಅವನು ಹೇಳಿದ್ದನ್ನು ನಾವು ಬರೆದುಕೊಂಡು ನಮ್ಮ ಹೆಸರಿನಲ್ಲಿ ಅಚ್ಚು ಹಾಕಿಸುತ್ತೇವೆ. ಟೀ ದುಡ್ಡನ್ನು ಕೊಡುವವನೂ ಅವನೇ ಎಂಬುದು ಈ ವಿಧಾನದ ವಿಶೇಷ.

2. ಪೂರ್ವಾಧ್ಯಯನಗಳ ಸಮೀಕ್ಷೆ

ದೀಪ ಆರುವುದು ಎಂದರೇನು ಎಂಬುದನ್ನು ನಿರ್ಧರಿಸದೆ ಆರದ ದೀಪದ ಚರ್ಚೆ ಮುಂದುವರಿಯದು. ಕತ್ತಲೆ ಒಂದು ವಸ್ತುವೋ ಅಥವಾ ಬೆಳಕಿನ ಗೈರುಹಾಜರಿಯೋ ಎಂಬ ಪ್ರಶ್ನೆಗೆ ನಮ್ಮ ದರ್ಶನಕಾರರು ಶತಮಾನಗಟ್ಟಲೆ ಬಡಿದಾಡಿದ್ದಾರೆ. ವೈಶೇಷಿಕರ ಪಟ್ಟಿಯಲ್ಲಿ ದ್ರವ್ಯಗಳು ಒಂಬತ್ತೇ: ಪೃಥ್ವಿ, ಅಪ್ಪು, ತೇಜಸ್ಸು, ವಾಯು, ಆಕಾಶ, ಕಾಲ, ದಿಕ್ಕು, ಆತ್ಮ, ಮನಸ್ಸು. ಕತ್ತಲೆಗೆ ಅಲ್ಲಿ ಜಾಗವಿಲ್ಲ. ಅದು ತೇಜಸ್ಸಿನ ಅಭಾವ ಅಷ್ಟೆ. ಕುಮಾರಿಲ ಭಟ್ಟನ ಕಡೆಯ ಮೀಮಾಂಸಕರು ಇದನ್ನು ಒಪ್ಪಲಿಲ್ಲ. ಕತ್ತಲೆಗೆ ಕಪ್ಪು ಬಣ್ಣವಿದೆ, ದೀಪ ಹಿಡಿದು ನಡೆದರೆ ಅದು ಸರಿದಾಡುವುದು ಕಣ್ಣಿಗೆ ಕಾಣುತ್ತದೆ, ಗುಣವೂ ಚಲನೆಯೂ ಇರುವುದು ದ್ರವ್ಯವಲ್ಲದೆ ಮತ್ತೇನು ಎಂದು ಕೇಳಿದರು.

ಸಹೋದ್ಯೋಗಿ ರಾತ್ರಿ ಕಿಟಕಿಯಿಂದ ಇಣುಕಿ ಕಾರಿನ ಕಡೆ ನೋಡಿದಾಗ ಹುಡುಕುತ್ತಿದ್ದದ್ದು ಯಾವ ಕತ್ತಲೆಯನ್ನು? ನೈಯಾಯಿಕರು ಅಭಾವದಲ್ಲಿ ನಾಲ್ಕು ಬಗೆ ಹೇಳುತ್ತಾರೆ. ಬಾಗಿಲು ತೆಗೆಯುವ ಮುಂಚೆ ದೀಪ ಇಲ್ಲದಿರುವುದು ಪ್ರಾಗಭಾವ. ಬಲ್ಬನ್ನೇ ಕಿತ್ತು ಜೇಬಿಗೆ ಹಾಕಿಕೊಂಡರೆ ಅತ್ಯಂತಾಭಾವ ಎನ್ನಬಹುದೇನೋ, ಪಂಡಿತರು ಒಪ್ಪಲಿಕ್ಕಿಲ್ಲ. ದೀಪ ಬೇರೆ, ಹಾರನ್ ಬೇರೆ ಎಂಬುದು ಅನ್ಯೋನ್ಯಾಭಾವ. ಏನೂ ಮಾಡದೆ ಹಾಗೇ ಬಿಟ್ಟು ಮಲಗಿದರೆ ಬೆಳಗಿನ ಜಾವ ತಾನೇ ಬರುವ ಕತ್ತಲೆಯಿದೆಯಲ್ಲ, ಅದು ಪ್ರಧ್ವಂಸಾಭಾವ. ಅದು ಬಂದ ದಿನ ಕಾರು ಸ್ಟಾರ್ಟ್ ಆಗುವುದಿಲ್ಲ.

ಶಾಸನ ಪರಂಪರೆಯನ್ನೂ ಇಲ್ಲಿ ಗಮನಿಸಬೇಕು. ಆರದ ದೀಪ ನಮಗೆ ಹೊಸದಲ್ಲ. ಊರೂರಿನ ಗುಡಿಗಳ ನಂದಾದೀವಿಗೆಗೆಂದು ಗದ್ದೆ, ತೋಟ, ಗಾಣದ ಎಣ್ಣೆ ಬಿಟ್ಟ ದಾನಗಳನ್ನು ನಮ್ಮ ಶಾಸನಗಳು ಮತ್ತೆ ಮತ್ತೆ ಹೇಳುತ್ತವೆ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ 7 ಮತ್ತು 8ನೆಯ ಸಂಪುಟಗಳು, ಎಂದರೆ 1902 ಮತ್ತು 1904ರಲ್ಲಿ ಹೊರಬಂದವು, ಶಿವಮೊಗ್ಗ ಜಿಲ್ಲೆಗೇ ಮೀಸಲು. ಆ ಕಲ್ಲುಗಳನ್ನು ಕಡೆದವರ ಒಂದು ಗುಣವನ್ನು ಮೆಚ್ಚಲೇಬೇಕು. ದೀಪ ಉರಿಯಲಿ ಎಂದು ಹೇಳಿ ಸುಮ್ಮನಾಗುತ್ತಿರಲಿಲ್ಲ. ಎಣ್ಣೆ ಯಾವ ಗಾಣದಿಂದ ಬರಬೇಕು, ಯಾರು ಕೊಡಬೇಕು, ಗದ್ದೆಯ ಎಲ್ಲೆ ಎಲ್ಲಿಂದ ಎಲ್ಲಿಗೆ, ತಪ್ಪಿದವನಿಗೆ ಯಾವ ಪಾಪ, ಎಲ್ಲವನ್ನೂ ಬಿಡಿಸಿ ಬರೆದರು. ಎಂಟುನೂರು ವರ್ಷದ ಹಿಂದಿನ ಕಲ್ಲುಕುಟಿಗನ ವಾಕ್ಯದಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಮೂರೂ ಇದ್ದವು. ಈ ಅಂಶ ಮುಂದೆ ಕೆಲಸಕ್ಕೆ ಬರುತ್ತದೆ.

3. ವರ್ಗೀಕರಣ

ಒಳದೀಪಗಳನ್ನು ಒಟ್ಟು ಹನ್ನೆರಡು ಬಗೆಯಾಗಿ ವಿಂಗಡಿಸಲು ಅವಕಾಶವಿದೆ. ಅಲಂಕಾರಶಾಸ್ತ್ರದಲ್ಲಿ ದೀಪಕವೆಂಬ ಅಲಂಕಾರವುಂಟು. ಒಂದೇ ಪದ ಒಂದು ಕಡೆ ನಿಂತು ಹಲವು ವಾಕ್ಯಗಳನ್ನು ಬೆಳಗುವುದು. ಭಾಮಹ ಅದನ್ನು ಆದಿ, ಮಧ್ಯ, ಅಂತ್ಯ ಎಂದು ಮೂರು ಮಾಡಿದ. ಅದರಂತೆ,

ಆದಿದೀಪಕ: ಮುಂದಿನ ಕನ್ನಡಿಯ ಬಳಿ ಇರುವ, ಓದುವುದಕ್ಕೆಂದು ಕೊಟ್ಟಿರುವ ಸಣ್ಣ ದೀಪ. ಮಕ್ಕಳು ಒತ್ತಿ ಮರೆಯುವುದು ಇದನ್ನೇ. ಆರದ ದೀಪದ ಎಷ್ಟೋ ಪ್ರಕರಣಗಳು ಇಲ್ಲೇ ಮುಗಿಯುತ್ತವೆ, ಸಂಶೋಧಕನಿಗೆ ನಿರಾಸೆ.

ಮಧ್ಯದೀಪಕ: ಚಾವಣಿಯ ನಡುವಿನ ದೀಪ. ಇದರ ಸ್ವಿಚ್ಚಿಗೆ ಮೂರು ಸ್ಥಾನ. ಒಂದು ಕಡೆ ಆನ್, ಇನ್ನೊಂದು ಕಡೆ ಆಫ್, ನಡುವೆ ಡೋರ್. ನಡುವೆ ನಿಂತಾಗ ಅದು ಬಾಗಿಲಿನ ಮಾತು ಕೇಳುತ್ತದೆ. ಸೀಟಿನ ಮೇಲೆ ಕಾಲಿಟ್ಟು ಹತ್ತುವ ಹುಡುಗನ ತಲೆ ತಗುಲಿ ಡೋರ್‌ನಿಂದ ಆನ್‌ಗೆ ಜಾರಿರುವುದನ್ನೂ ಮೊದಲು ನೋಡಿಬಿಡಬೇಕು.

ಅಂತ್ಯದೀಪಕ: ಡಿಕ್ಕಿಯ ದೀಪ. ಡಿಕ್ಕಿ ಮುಚ್ಚಿದಾಗ ಅದು ಆರುತ್ತದೋ ಇಲ್ಲವೋ ಎಂಬುದನ್ನು ತಿಳಿಯಲು ಡಿಕ್ಕಿಯೊಳಗೆ ಕೂರಬೇಕು. ವಿಭಾಗದ ಸಂಶೋಧನಾ ವಿದ್ಯಾರ್ಥಿಗಳನ್ನು ಇಂಥ ಕೆಲಸಕ್ಕೆ ಬಳಸಿಕೊಳ್ಳುವ ಪರಂಪರೆ ನಮ್ಮಲ್ಲಿ ಇದ್ದೇ ಇದೆ.

ಉಳಿದ ಒಂಬತ್ತನ್ನು ಇನ್ನೊಂದು ಪ್ರಬಂಧದಲ್ಲಿ ನೋಡೋಣ. ಒಂದೇ ವಿಷಯವನ್ನು ಎರಡಾಗಿ ಸೀಳಿದರೆ ಬಡ್ತಿಗೆ ಸಿಗುವ ಅಂಕ ಎರಡು ಪಟ್ಟು.

ಇನ್ನು ಅನುಮಾನ ಪ್ರಮಾಣ. ಕಾರು ಸ್ವತಃ ತಾರ್ಕಿಕ. ಅದರ ತರ್ಕವನ್ನು ಪಂಚಾವಯವ ವಾಕ್ಯದಲ್ಲಿ ಹೀಗಿಡಬಹುದು. ಪ್ರತಿಜ್ಞೆ: ಬಾಗಿಲು ತೆರೆದಿದೆ. ಹೇತು: ದೀಪ ಉರಿಯುತ್ತಿರುವುದರಿಂದ. ಉದಾಹರಣೆ: ಎಲ್ಲೆಲ್ಲಿ ಒಳದೀಪವೋ ಅಲ್ಲಲ್ಲಿ ತೆರೆದ ಬಾಗಿಲು, ಪ್ರಾಂಶುಪಾಲರ ಕಾರಿನಂತೆ. ಉಪನಯ: ಇದೂ ಹಾಗೆಯೇ. ನಿಗಮನ: ಆದ್ದರಿಂದ ಬಾಗಿಲು ತೆರೆದಿದೆ. ತರ್ಕದಲ್ಲಿ ಎಳ್ಳಷ್ಟೂ ಲೋಪವಿಲ್ಲ, ಬಾಗಿಲು ಮಾತ್ರ ಮುಚ್ಚಿದೆ. ಹಾಗಾದರೆ ಹೇತು ಕೆಟ್ಟದ್ದು, ಅದು ಹೇತ್ವಾಭಾಸ. ಸಾಧಿಸಬೇಕಾದದ್ದು ಇಲ್ಲದ ಕಡೆಯೂ ಹೇತು ಅಲೆಯುತ್ತಿರುವುದರಿಂದ ಸವ್ಯಭಿಚಾರ ಎಂದು ನಾನು. ಪ್ರತ್ಯಕ್ಷಕ್ಕೇ ವಿರುದ್ಧವಾಗಿರುವುದರಿಂದ ಬಾಧಿತ ಎಂದು ಸಂಸ್ಕೃತ ವಿಭಾಗದವರು. ಸ್ಟಾಫ್ ರೂಮಿನಲ್ಲಿ ಈ ವಾದ ಇತ್ಯರ್ಥವಾಗುವಷ್ಟರಲ್ಲಿ ಬ್ಯಾಟರಿ ಇಳಿದುಹೋಗಿತ್ತು.

ಬ್ಯಾಟರಿಯನ್ನು ನಾಲ್ಕನೆಯ ಅಧ್ಯಾಯದಲ್ಲಿ ನೋಡೋಣ ಎಂದಿದ್ದೆ. ಆ ಅಧ್ಯಾಯ ಇಷ್ಟೇ: ಬ್ಯಾಟರಿ ಎಂದರೆ ಬ್ಯಾಟರಿ. 12 ವೋಲ್ಟಿನದು. ಚಾವಣಿಯ ಹಳೇ ಬಲ್ಬು 10 ವ್ಯಾಟಿನದಾದರೆ ಅದು ಎಳೆಯುವ ಕರೆಂಟು ಒಂದು ಆಂಪಿಯರ್‌ಗೂ ಕಡಿಮೆ, ಸುಮಾರು 0.83. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಹೊಸದಾಗಿದ್ದರೆ ಲೆಕ್ಕದ ಪ್ರಕಾರ ನಲವತ್ತು ತಾಸು ಎಳೆಯಬೇಕು. ಆದರೆ ಸ್ಟಾರ್ಟರ್ ಮೋಟಾರಿಗೆ ಬೇಕಾದ ಕಸುವು ಅದಕ್ಕಿಂತ ಎಷ್ಟೋ ಮೊದಲೇ ಹೋಗಿರುತ್ತದೆ, ಮುದಿ ಬ್ಯಾಟರಿಯಾದರೆ ಒಂದೇ ರಾತ್ರಿ. ಇಷ್ಟನ್ನು ಹೇಳಲು ಯಾವ ಆಯಾಮವೂ ಬೇಕಾಗಲಿಲ್ಲ ನೋಡಿ.

ಕಾರನ್ನು ಎರಡನೇ ಗೇರಿನಲ್ಲಿಟ್ಟು ತಳ್ಳಿ ಸ್ಟಾರ್ಟ್ ಮಾಡಿಕೊಂಡು ಆಟೋ ಕಾಂಪ್ಲೆಕ್ಸಿಗೆ ಹೋದೆವು. ವಕ್ತೃ ಬಾಗಿಲು ತೆಗೆದ. ಕಂಬದ ಮೇಲೆ, ಬಾಗಿಲು ಬಂದು ಕೂರುವ ಜಾಗದಲ್ಲಿ, ಕಿರುಬೆರಳ ತುದಿಯಷ್ಟು ದಪ್ಪದ ಗುಂಡಿಯೊಂದು ಹೊರಗೆ ಚಾಚಿಕೊಂಡಿರುತ್ತದೆ. ಅದಕ್ಕೊಂದು ರಬ್ಬರ್ ಟೋಪಿ. ಬಾಗಿಲು ಹಾಕಿದಾಗ ಗುಂಡಿ ಒಳಗೆ ಹೋಗಿ ಸಂಪರ್ಕ ಬಿಡುತ್ತದೆ. ತೆಗೆದಾಗ ಸ್ಪ್ರಿಂಗು ಗುಂಡಿಯನ್ನು ಹೊರಗೆ ನೂಕಿ ಕಾರಿನ ಮೈಗೆ ಅರ್ತ್ ಕೊಡುತ್ತದೆ, ದೀಪ ಹತ್ತುತ್ತದೆ. ಅವನು ಹೆಬ್ಬೆರಳಿನಿಂದ ಗುಂಡಿ ಅದುಮಿದ. ದೀಪ ಹಾಗೇ ಇತ್ತು. ರಬ್ಬರ್ ಟೋಪಿ ಎಳೆದ; ಹರಿದಿತ್ತು, ಒಳಗಿಂದ ಕೆಂಪು ನೀರು ಇಳಿಯಿತು. ಒಂದೇ ಸ್ಕ್ರೂ ಬಿಚ್ಚಿ ಸ್ವಿಚ್ಚನ್ನು ಹೊರಗೆಳೆದು, ಹಿಂದಿನ ವೈರನ್ನು ಎರಡು ಬೆರಳಲ್ಲಿ ಹಿಡಿದುಕೊಂಡೇ ಕಳಚಿದ. ದೀಪ ಆರಿತು.

"ಸ್ವಿಚ್ಚೇ ಮೇಷ್ಟ್ರೇ. ಮಳೆ ನೀರು ಇಳಿದು ಜಂಗು ಹಿಡಿದಿದೆ, ಒಳಗೆ ಅಂಟ್ಕೊಂಡು ಅರ್ತ್ ಬಿಡ್ತಿಲ್ಲ. ವೈರ್ ತೆಗೆದ್ಮೇಲೂ ಉರೀತಿದ್ರೆ ಬೇರೆ ಬಾಗಿಲು ನೋಡ್ಬೇಕಿತ್ತು."

"ಕೈ ಯಾಕೆ ಬಿಡ್ತಿಲ್ಲ ಮತ್ತೆ?"

"ವೈರ್ ಕಂಬದೊಳಗೆ ಜಾರಿದ್ರೆ ಹುಡುಕೋಕೆ ಅರ್ಧ ದಿನ."

ಅವನ ಮಾತನ್ನು ಇನ್ನೊಮ್ಮೆ ಓದಿ. ಕಾರಣ ಏನು, ಅದು ಹೇಗೆ ಆಯಿತು, ತನ್ನ ತೀರ್ಮಾನ ಸುಳ್ಳಾಗಿದ್ದರೆ ಅದು ಹೇಗೆ ಗೊತ್ತಾಗುತ್ತಿತ್ತು, ಆಗ ಮುಂದೆ ಎಲ್ಲಿ ಹುಡುಕಬೇಕಿತ್ತು; ಮೂರು ಉಸಿರಿನಲ್ಲಿ ಇಡೀ ಸಂಶೋಧನಾ ವಿಧಾನ. ನಮ್ಮಲ್ಲಿ ಸಲ್ಲಿಕೆಯಾಗುವ ಮಹಾಪ್ರಬಂಧಗಳಲ್ಲಿ ಮೂರನೆಯದು ಎಷ್ಟರಲ್ಲಿ ಇರುತ್ತದೆ, ಮಾರ್ಗದರ್ಶಕರು ಎದೆ ಮುಟ್ಟಿಕೊಂಡು ಹೇಳಲಿ.

ಈ ಅಣಕವನ್ನು ಇಲ್ಲಿಂದ ಮುಂದೆ ಎಳೆಯಲು ನನಗೆ ಮನಸ್ಸಿಲ್ಲ. ಎಷ್ಟು ಸೆಮಿನಾರುಗಳಲ್ಲಿ ಕೂತಿದ್ದೇನೆ! ಹತ್ತಕ್ಕೆಂದು ಕರೆದು ಹನ್ನೆರಡಕ್ಕೆ ಉದ್ಘಾಟನೆ. ವೇದಿಕೆಯ ಮೇಲೆ ಸಾಲು ಕುರ್ಚಿ, ಒಬ್ಬೊಬ್ಬರಿಗೂ ಶಾಲು, ಹಾರ, ಹಣ್ಣಿನ ಬುಟ್ಟಿ. ಊಟದ ಹೊತ್ತಿಗೆ ಗಣ್ಯರು ಕಾರು ಹತ್ತುತ್ತಾರೆ. ಊಟದ ನಂತರ ಅರ್ಧ ಖಾಲಿಯಾದ ಸಭಾಂಗಣದಲ್ಲಿ, ದೂರದ ಊರುಗಳಿಂದ ರಾತ್ರಿ ಬಸ್ಸಿನಲ್ಲಿ ಬಂದ ಹುಡುಗ ಹುಡುಗಿಯರು ಪ್ರಬಂಧ ಓದಲು ಸಾಲಾಗಿ ನಿಲ್ಲುತ್ತಾರೆ. ಅಧ್ಯಕ್ಷತೆ ವಹಿಸಿದವರು ಗಡಿಯಾರ ನೋಡುತ್ತಾ, "ಸಮಯದ ಅಭಾವ ಇದೆ, ಸಾರಾಂಶ ಹೇಳಿ ಸಾಕು" ಎನ್ನುತ್ತಾರೆ. ಆ ಸಮಯವನ್ನು ತಿಂದವರು ಯಾರು? ಹಾರ ಹಾಕಿಸಿಕೊಂಡು ಹೋದವರು. ನೋಂದಣಿ ಶುಲ್ಕ ಕೊಟ್ಟವರು ಯಾರು? ಸಾಲಿನಲ್ಲಿ ನಿಂತವರು. ಅವರಲ್ಲಿ ಎಷ್ಟೋ ಜನ ಅತಿಥಿ ಉಪನ್ಯಾಸಕರು. ಗೌರವಧನ ಹೊತ್ತಿಗೆ ಸರಿಯಾಗಿ ಕೈಸೇರದೆ, ಸೇವಾ ಭದ್ರತೆ ಕೊಡಿ ಎಂದು ಚಳಿಯಲ್ಲಿ ಮುಷ್ಕರ ಕೂತು ಬಂದವರು. ಸರ್ಟಿಫಿಕೇಟು ಬೇಕಲ್ಲ, ಬರುತ್ತಾರೆ.

ಯಾಕೆ ಬೇಕು? 2010ರಲ್ಲಿ ಯುಜಿಸಿ ಮೇಷ್ಟ್ರುಗಳ ಯೋಗ್ಯತೆಯನ್ನು ಅಂಕಗಳಲ್ಲಿ ಅಳೆಯಲು ಎಪಿಐ ತಂದಿತು. 2016ರ ಪಿಎಚ್.ಡಿ. ನಿಯಮದಲ್ಲಿ, ಮಹಾಪ್ರಬಂಧ ಸಲ್ಲಿಸುವ ಮೊದಲು ಒಂದು ಲೇಖನ ಪ್ರಕಟವಾಗಿರಬೇಕು, ಎರಡು ಕಡೆ ಪ್ರಬಂಧ ಮಂಡಿಸಿರಬೇಕು ಎಂದಾಯಿತು. ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕಿಕೊಡುವ ನಿಯತಕಾಲಿಕೆಗಳು ಅಣಬೆಯಂತೆ ಎದ್ದವು. ಅವನ್ನು ಸೋಸಲು ಯುಜಿಸಿ ಕೇರ್ ಎಂಬ ಪಟ್ಟಿ ಬಂತು. 2022ರಲ್ಲಿ ಲೇಖನ ಪ್ರಕಟವಾಗಲೇಬೇಕೆಂಬ ಕಡ್ಡಾಯ ಹೋಯಿತು. 2025ರಲ್ಲಿ ಪಟ್ಟಿಯೂ ಹೋಯಿತು. ಬಂದ ನಿಯಮಗಳಲ್ಲಿ ಹಲವು ವಾಪಸ್ಸು ಹೋದವು, ಆ ಹನ್ನೆರಡು–ಹದಿನೈದು ವರ್ಷದಲ್ಲಿ ನಮ್ಮ ಗದ್ಯಕ್ಕೆ ಹತ್ತಿದ ಜಂಗು ಹೋಗಲಿಲ್ಲ. ಜಂಗು ಅದಕ್ಕೂ ಹಿಂದಿನದೇ, ನಿಜ. ಆದರೆ ಅಂಕ ಸಿಗತೊಡಗಿದ ಮೇಲೆ ಅದಕ್ಕೆ ಬೆಲೆ ಬಂತು.

ಸೊರಬದ ಕಡೆಯ ಹುಡುಗಿಯೊಬ್ಬಳು ಎಂ.ಎ. ಮುಗಿಸಿ ಗದ್ದೆ ನಾಟಿಯ ಪದಗಳ ಮೇಲೆ ಸಂಶೋಧನೆಗೆ ಸೇರಿದ್ದಳು. ನನ್ನ ವಿದ್ಯಾರ್ಥಿನಿಯಾಗಿದ್ದವಳು; ಶುರುವಿನಲ್ಲಿ ಒಂದು ನೋಟ್‌ಬುಕ್ಕು ತಂದು ತೋರಿಸಿದಳು. ಅಜ್ಜಿ ಪದ ಎತ್ತುವ ಮುಂಚೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಮ್ಮೆ ತಲೆಯೆತ್ತಿ ನೆಟ್ಟ ಸಾಲು ನೋಡುತ್ತಾಳೆ, ಸಾಲು ಸೊಟ್ಟಗಿದ್ದರೆ ಪದ ನಿಧಾನ, ಮೋಡ ಕಟ್ಟಿ ಬಂದರೆ ಪದ ಜೋರು, ಹೊಸ ಸೊಸೆ ಸಾಲಿನಲ್ಲಿ ಹಿಂದೆ ಬಿದ್ದರೆ ಅವಳು ಬಂದು ಸೇರುವ ತನಕ ಒಂದೇ ನುಡಿಯನ್ನು ತಿರುಗಿ ತಿರುಗಿ ಹೇಳುತ್ತಾರೆ, ಎಂದೆಲ್ಲ ಬರೆದುಕೊಂಡಿದ್ದಳು. ಆ ಕೊನೆಯ ಮಾತನ್ನು ನಾನು ಯಾವ ಜಾನಪದ ಪುಸ್ತಕದಲ್ಲೂ ಓದಿರಲಿಲ್ಲ. ಹಾಡಿನ ಪಲ್ಲವಿ ಯಾಕೆ ಅಷ್ಟು ಸಲ ಬರುತ್ತದೆ ಎಂಬುದಕ್ಕೆ ಕೆಸರಿನಲ್ಲಿ ನಿಂತವರು ಕೊಟ್ಟ ಕಾರಣ ಅದು.

ಮಾರ್ಗದರ್ಶಕರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು: "ಇದು ವೈಯಕ್ತಿಕವಾಯಿತು. ಸೈದ್ಧಾಂತಿಕ ಚೌಕಟ್ಟು ಎಲ್ಲಿ?"

ಮಹಾಪ್ರಬಂಧ ಬಂದಾಗ ಚೌಕಟ್ಟು ಇತ್ತು. ಶ್ರಮ ಸಂಸ್ಕೃತಿಯ ಲಯವಿನ್ಯಾಸವು ಸ್ತ್ರೀ ಸಂವೇದನೆಯೊಂದಿಗೆ ಅನುಸಂಧಾನ ನಡೆಸುವ ನೆಲೆಗಳು ಎಂಬ ಅಧ್ಯಾಯವೂ ಇತ್ತು. ಅಜ್ಜಿ ಇರಲಿಲ್ಲ, ಸೊಸೆ ಇರಲಿಲ್ಲ, ಮೋಡ ಇರಲಿಲ್ಲ. ಯಾರು ಯಾರೊಡನೆ ಏನು ಮಾಡಿದರು ಎಂದು ಹೇಳುವ ಒಂದು ವಾಕ್ಯಕ್ಕಾಗಿ ಪುಟ ತಿರುವುತ್ತಾ ಹೋದೆ. ಎಲ್ಲವೂ 'ಆಗುತ್ತದೆ', 'ಕಂಡುಬರುತ್ತದೆ', 'ಮುನ್ನೆಲೆಗೆ ಬರುತ್ತದೆ'. ಆ ನೋಟ್‌ಬುಕ್ಕು ಇದೆಯೇನಮ್ಮಾ ಎಂದು ಕೇಳಿದೆ. "ರೂಮು ಖಾಲಿ ಮಾಡುವಾಗ ರದ್ದಿಗೆ ಹೋಯ್ತು ಸರ್" ಎಂದಳು. ಡಾಕ್ಟರೇಟು ಬಂದಿದೆ. ಎರಡು ಕಾಲೇಜಿನಲ್ಲಿ ಅತಿಥಿಯಾಗಿದ್ದಾಳೆ. ತನ್ನ ವಿದ್ಯಾರ್ಥಿಗಳಿಗೆ ಸೈದ್ಧಾಂತಿಕ ಚೌಕಟ್ಟಿನ ಬಗ್ಗೆ ಪಾಠ ಮಾಡುತ್ತಾಳಂತೆ. ಅವಳನ್ನು ಬೈಯಲು ನನಗೆ ಬಾಯಿಲ್ಲ. ಕೆಂಪು ಶಾಯಿ ಹಿಡಿದವರನ್ನು ಬೈಯುತ್ತೇನೆ. ಅವರು ಹಳ್ಳಿಯ ಮಕ್ಕಳಿಗೆ ಇಂಗ್ಲಿಷು ಬರುವುದಿಲ್ಲವೆಂದು ಮರುಗುತ್ತಾರೆ. ಆ ಮಕ್ಕಳು ಹೊತ್ತು ತಂದ ಕನ್ನಡವನ್ನು ಐದು ವರ್ಷದಲ್ಲಿ ಬಾಯಿಂದ ಕಿತ್ತುಕೊಳ್ಳುತ್ತಾರೆ.

ಇರಲಿ, ಕಾರಿಗೆ ಬರೋಣ.

ಸ್ವಿಚ್ಚು ಪೂರ್ತಿ ಕೊಳೆತಿಲ್ಲವಾದರೆ ಉಪ್ಪುಕಾಗದದಲ್ಲಿ ಉಜ್ಜಿ, ಜಂಗು ಬಿಡಿಸುವ ಸ್ಪ್ರೇ ಹೊಡೆದು, ಗುಂಡಿ ಸಲೀಸಾಗಿ ಒಳಗೆ ಹೊರಗೆ ಆಡುವಂತೆ ಮಾಡಿ ಕೂರಿಸಬಹುದು. ಕೊಳೆತಿದ್ದರೆ ಹೊಸದನ್ನೇ ಹಾಕಿ. ಹಳೆಯ ಮಾದರಿಯದಕ್ಕೆ ದೊಡ್ಡ ಬೆಲೆಯೇನಿಲ್ಲ. ರಬ್ಬರ್ ಟೋಪಿಯನ್ನು ಮರೆಯಬೇಡಿ, ಮಲೆನಾಡಿನ ಮಳೆಗೆ ಅದೇ ಕೊಡೆ. ಸ್ವಿಚ್ಚು ಸರಿಯಿದ್ದೂ ದೀಪ ಆರದಿದ್ದರೆ ಬಾಗಿಲು ಕೀಲಿನಲ್ಲಿ ಜೋತು ಗುಂಡಿಯನ್ನು ಸರಿಯಾಗಿ ಅದುಮುತ್ತಿಲ್ಲವೇ ನೋಡಿ. ನಾಲ್ಕು ಬಾಗಿಲು, ಕೆಲವು ಕಾರುಗಳಲ್ಲಿ ಡಿಕ್ಕಿಯೂ ಸೇರಿ, ಯಾವುದೊಂದು ಕೆಟ್ಟರೂ ದೀಪ ಅದೇ, ಆದ್ದರಿಂದ ಒಂದೊಂದಾಗಿಯೇ ಹೋಗಬೇಕು. ರಾತ್ರಿಯ ಹೊತ್ತು ಏನೂ ಬಗೆಹರಿಯದಿದ್ದರೆ ಚಾವಣಿಯ ಸ್ವಿಚ್ಚನ್ನು ಆಫ್‌ಗೆ ತಳ್ಳಿ ಮಲಗಿ. ಅಲ್ಲೂ ಆರದಿದ್ದರೆ ಫ್ಯೂಸ್ ಬಾಕ್ಸಿನ ಮುಚ್ಚಳದಲ್ಲಿ ನಕ್ಷೆಯಿರುತ್ತದೆ, ಒಳದೀಪದ ಫ್ಯೂಸನ್ನು ಎಳೆದಿಡಿ. ಅದರ ಜೊತೆಗೆ ಗಡಿಯಾರವೋ ರೇಡಿಯೋವೋ ಸತ್ತರೆ ಗಾಬರಿ ಬೇಡ.

ಎಲ್‌ಇಡಿ ಬಲ್ಬು ಹಾಕಿಸಿಕೊಂಡವರದು ಬೇರೆ ಪಾಡು. ಸ್ವಿಚ್ಚು ಬಿಟ್ಟ ಮೇಲೂ ಸರ್ಕ್ಯೂಟಿನಲ್ಲಿ ಸೋರುವ ಚೂರು ಕರೆಂಟಿಗೇ ಕೆಲವು ಎಲ್‌ಇಡಿಗಳು ಮಿಣುಕುತ್ತಿರುತ್ತವೆ. ಉರಿಯುತ್ತಿದೆ ಎನ್ನುವಂತಿಲ್ಲ, ಉರಿಯುತ್ತಿಲ್ಲ ಎನ್ನುವಂತಿಲ್ಲ, ಎರಡೂ ಎನ್ನುವಂತಿಲ್ಲ, ಎರಡೂ ಅಲ್ಲ ಎನ್ನುವಂತಿಲ್ಲ. ನಾಗಾರ್ಜುನನ ಚತುಷ್ಕೋಟಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಸಿಗಲಾರದು, ಯಾರಾದರೂ ಪ್ರಬಂಧ ಬರೆದುಕೊಳ್ಳಿ, ನನ್ನ ಅಭ್ಯಂತರವಿಲ್ಲ.

ಹೊಸ ಕಾರುಗಳಲ್ಲಿ ಕಂಬದ ಮೇಲಿನ ಗುಂಡಿಯೇ ಕಾಣುವುದಿಲ್ಲ. ಎಷ್ಟೋ ಮಾದರಿಗಳಲ್ಲಿ ಅದು ಬಾಗಿಲಿನ ಲಾಕಿನೊಳಗೇ ಸಣ್ಣ ಸ್ವಿಚ್ಚಾಗಿ ಅಡಗಿರುತ್ತದೆ, ಕಂಪ್ಯೂಟರಿನ ಅಪ್ಪಣೆಯಾದ ಮೇಲೆ ದೀಪ ನಿಧಾನವಾಗಿ ಆರುತ್ತದೆ. ಹಾಗಾಗಿ ಬಾಗಿಲು ಹಾಕಿದ ತಕ್ಷಣ ಗಾಬರಿ ಬೀಳದೆ ಅರ್ಧ ನಿಮಿಷ ಕಾಯಿರಿ. ಆಮೇಲೂ ಆರದಿದ್ದರೆ ಬಾಗಿಲಿನ ಒಳಪ್ಯಾಡು ಬಿಚ್ಚಬೇಕು, ಕ್ಲಿಪ್ಪುಗಳು ಮುರಿಯುತ್ತವೆ, ನೀವು ಕೈ ಹಾಕಬೇಡಿ. ಆಟೋ ಕಾಂಪ್ಲೆಕ್ಸಿಗೆ ಹೋಗಿ ಕೇಳಿ. ಶುಕ್ರವಾರ ಮಧ್ಯಾಹ್ನ ಹೋಗಬೇಡಿ, ನಮ್ಮ ವಕ್ತೃ ನಮಾಜಿಗೆ ಹೋಗಿರುತ್ತಾನೆ. ಟೀ ದುಡ್ಡು ನೀವೇ ಕೊಡಿ.